ದೊರೆ ಹೊದ್ದ ಕಂಬಳಿ

ಹೋದ ತಿಂಗಳು ಒಂದು ಬೆಳಿಗ್ಗೆ ಅಡಿಗೆಮನೆಯಲ್ಲಿ ಸ್ಟೀಲ್ ಡಬ್ಬಿಯೊಂದರ ಮುಚ್ಚಳಕ್ಕೆ ಕೈ ಹಾಕಿದೆ. ನಾನು ಎಳೆಯುವ ಮೊದಲೇ ಅದು ಟಪ್ಪೆಂದು ಮೇಲೆದ್ದಿತು. ಒಳಗೆ ಕಪ್ಪು ದ್ರಾಕ್ಷಿ. ಕೆಲಸದ ಹುಡುಗಿ ತೊಳೆದು ತುಂಬಿಟ್ಟು ನಾಲ್ಕು ದಿನವಾಗಿತ್ತಂತೆ, ನಾನು ಮರೆತಿದ್ದೆ. ಮೊದಲು ಸಿಹಿ, ಅದರ ಹಿಂದೆ ಹುಳಿ, ಅದರ ಹಿಂದೆ ಮೂಗಿನ ಒಳಗೆ ಸೂಜಿ ಚುಚ್ಚಿದಂಥ ಒಂದು ಚುರುಕು. ಡಬ್ಬಿಯನ್ನು ಕಿವಿಯ ಹತ್ತಿರ ತಂದೆ. ಬಾಗಿಲಾಚೆ ತುಂಬ ಜನ ಒಟ್ಟಿಗೆ ಪಿಸುಗುಟ್ಟಿದ ಹಾಗೆ ಸದ್ದು ಬರುತ್ತಿತ್ತು...

ಆ ಸದ್ದನ್ನು ನಾನು ಕೇಳಿ ಅರವತ್ತು ವರ್ಷಗಳ ಮೇಲಾಗಿತ್ತು. ದ್ರಾಕ್ಷಿಯನ್ನು ಹಿತ್ತಿಲ ಗುಂಡಿಗೆ ಸುರಿದು, ಡಬ್ಬಿಯನ್ನು ಎರಡು ಸಲ ತೊಳೆದೆ. ಆಮೇಲೆ ಕುಳಿತು, ನೆನಪಿದ್ದಷ್ಟನ್ನೂ ಕ್ರಮವಾಗಿ ಬರೆಯಬೇಕೆಂದುಕೊಂಡೆ. ಇಲ್ಲಿ ನಾನು ಕಂಡದ್ದನ್ನು ಕಂಡಂತೆ ಬರೆದಿದ್ದೇನೆ. ಬೇರೆಯವರಿಂದ ಕೇಳಿದ್ದನ್ನು ಕೇಳಿದ್ದು ಎಂದೇ ಬರೆದಿದ್ದೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ಮೂರು. ನಮ್ಮದು ಚಿಂತಾಮಣಿ; ತಂದೆ ಕಚೇರಿಯಲ್ಲಿ ಗುಮಾಸ್ತರು. ನಂದಿಯ ಶಾಲೆಗೆ ವಿಜ್ಞಾನದ ಪಾಠಕ್ಕೆಂದು ನನ್ನನ್ನು ಹಾಕಿದಾಗ, ಒಂಟಿ ಹೆಣ್ಣುಮಗಳಿಗೆ ಬಾಡಿಗೆಗೆ ಮನೆ ಹುಡುಕುವುದು ಸುಲಭವಿರಲಿಲ್ಲ. ಕೊನೆಗೆ ಸಿಕ್ಕಿದ್ದು ಬೆಟ್ಟದ ಬುಡದ ಇಳಿಜಾರಿನಲ್ಲಿದ್ದ ದ್ರಾಕ್ಷಿತೋಟದ ಮನೆಯ ಮುಂದಿನ ಕೋಣೆ. ರೈಲು ನಿಲ್ಲುವ ಜಾಗದಿಂದ ಕಾಲುದಾರಿಯಲ್ಲಿ ಹತ್ತು ನಿಮಿಷ. ಆ ಮನೆಯಲ್ಲಿ ನಾಲ್ಕೇ ಜನ. ತೋಟದ ಯಜಮಾನರು, ಅವರ ತಮ್ಮ, ತಮ್ಮನ ಹೆಂಡತಿ, ಆ ದಂಪತಿಯ ನಾಲ್ಕು ವರ್ಷದ ಮಗಳು. ಯಜಮಾನರಿಗೆ ಅರವತ್ತರ ಹತ್ತಿರ. ಹೆಂಡತಿ ಹಿಂದೆಯೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಮ್ಮ ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಅವನನ್ನು ಯಜಮಾನರೇ ಸಾಕಿ ಬೆಳೆಸಿದ್ದು ಎಂದು ಊರೆಲ್ಲ ಹೇಳುತ್ತಿತ್ತು.

ಯಜಮಾನರ ಬೆರಳುಗಳು ಮೊದಲ ಗೆಣ್ಣಿನವರೆಗೆ ನೀಲಿಯಾಗಿದ್ದವು. ಬಳ್ಳಿಗೆ ಹೊಡೆಯುವ ಮೈಲುತುತ್ತ-ಸುಣ್ಣದ ಬಣ್ಣ ಅದು. ಶಾಲೆಯ ಪುಸ್ತಕದಲ್ಲಿ ಅದಕ್ಕೆ ಬೋರ್ಡೋ ದ್ರಾವಣ ಎಂದು ಹೆಸರಿತ್ತು. ನಾನು ತಿಳಿದವಳ ಹಾಗೆ ಅದನ್ನು ಹೇಳಿದಾಗ ಅವರು ನಕ್ಕರು.

"ಬೋರ್ಡೋ ಅಂದ್ರೆ ಔಷ್ದಿ ಅಲ್ಲ ಟೀಚರಮ್ಮ, ಊರು. ನಮ್ ದೊರೆ ಊರು."

ದೊರೆ ಎಂದರೆ ಆ ತೋಟವನ್ನು ಹಾಕಿದ ಫ್ರೆಂಚ್ ಮನುಷ್ಯ. ಅವನ ಮನೆತನಕ್ಕೆ ಆ ಸೀಮೆಯಲ್ಲಿ, ಅಗಲವಾದ ಕೆಸರುಬಣ್ಣದ ನದಿಯೊಂದರ ದಂಡೆಯ ಮೇಲೆ, ತಲೆಮಾರುಗಳಿಂದ ದ್ರಾಕ್ಷಿತೋಟವೂ ದ್ರಾಕ್ಷಾರಸ ಮಾಡುವ ನೆಲಮಾಳಿಗೆಯೂ ಇದ್ದವಂತೆ. ಅಣ್ಣತಮ್ಮಂದಿರ ಜಗಳದಲ್ಲಿ ಇವನು ಮನೆ ಬಿಟ್ಟು ಹಡಗು ಹತ್ತಿದ. ತಿರುಗಾಡಿ ನಂದಿಗೆ ಬಂದು, ಈ ಇಳಿಜಾರಿನ ಮಣ್ಣನ್ನು ಬಾಯಿಗೆ ಹಾಕಿ ನೋಡಿ, ಇಲ್ಲೇ ನಿಂತ. ಮಣ್ಣಿನಲ್ಲಿ ನೊರಜುಗಲ್ಲು ಸಾಲದೆಂದು ಹಳ್ಳದಿಂದ ಗಾಡಿಗಟ್ಟಲೆ ತಂದು ಸುರಿಸಿದನಂತೆ. ಅವನ ಊರಿನಲ್ಲಿ ನೆಲವೆಲ್ಲ ನೊರಜು. ಬೇರು ನೀರು ಹುಡುಕಿಕೊಂಡು ಆಳಕ್ಕೆ ಇಳಿಯಬೇಕು. "ಬಳ್ಳಿಗೆ ಸುಖ ಕೊಟ್ರೆ ಸೊಪ್ಪು ಬರ್ತದೆ, ಕಷ್ಟ ಕೊಟ್ರೆ ಹಣ್ಣು ಬರ್ತದೆ" ಎನ್ನುವುದು ದೊರೆಯ ಮಾತೆಂದು ಯಜಮಾನರು ಹೇಳುತ್ತಿದ್ದರು. ಅಲ್ಲಿಂದ ತಂದ ಬಳ್ಳಿಗಳು ಮಾತ್ರ ಒಂದೊಂದಾಗಿ ಸತ್ತವು. ಒಂದೇ ಒಂದು ಸಾಲು ಉಳಿಯಿತು. ಮಿಕ್ಕದ್ದೆಲ್ಲ ಈ ಕಡೆಯ ಕಪ್ಪು ದ್ರಾಕ್ಷಿ, ಕಲ್ಲುಕಂಬಗಳ ಚಪ್ಪರದ ಮೇಲೆ.

ಯಜಮಾನರ ತಂದೆ ದೊರೆಯ ಹತ್ತಿರ ತೋಟದಾಳು. ಯಜಮಾನರು ಆ ಮನುಷ್ಯನ ನೆರಳಲ್ಲೇ ಬೆಳೆದು ಕೆಲಸವನ್ನೆಲ್ಲ ಕಲಿತರು. ದೊರೆ ಸಾಯುವ ಮೊದಲು ತೋಟವನ್ನು ಅವರ ಹೆಸರಿಗೇ ಬರೆದ. ನಾನು ಇದ್ದ ಕಾಲಕ್ಕೆ ಅಲ್ಲಿ ತಯಾರಾಗುತ್ತಿದ್ದ ರಸವೆಲ್ಲ ಅನುಮತಿ ಪತ್ರದ ಮೇಲೆ ಬೆಂಗಳೂರಿನ ಒಂದು ಚರ್ಚಿನ ಪೂಜೆಗೆ ಹೋಗುತ್ತಿತ್ತು. ಯಜಮಾನರು ಅದನ್ನು ಒಂದು ಹನಿಯೂ ನಾಲಿಗೆಗೆ ಇಟ್ಟವರಲ್ಲ. ಮನೆದೇವರಿಗೆ ನಡೆದುಕೊಳ್ಳುವ ಮನೆ, ಕುಡಿತ ನಿಷಿದ್ಧ. ಅವರು ರಸವನ್ನು ಅಳೆಯುತ್ತಿದ್ದುದು ಮೂಗಿನಿಂದ ಮತ್ತು ಕಿವಿಯಿಂದ. ನೆಲಮಾಳಿಗೆಗೆ ಇಳಿದು, ತೊಟ್ಟಿಯ ಕಲ್ಲಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, ಕೇಳುತ್ತಿದ್ದರು.

"ಏನಂತದೆ ಅಣ್ಣ? ಫ್ರೆಂಚಲ್ಲಿ ಬೈತಾ ಐತಾ?" ಎಂದು ತಮ್ಮ ಮೇಲಿನಿಂದ ಕೂಗುತ್ತಿದ್ದ.

"ನಿನ್ನನ್ನ ಬೈಯೋಕೆ ತೆಲುಗೇ ಸಾಕು ಕಣೋ."

ನಡುಮನೆಯ ಗೋಡೆಯ ಮೇಲೆ ದೊರೆಯ ಊರಿನ ಮನೆಯ ಫೋಟೋ ಇತ್ತು. ಎರಡು ಚೂಪು ಗೋಪುರ, ಮುಂದೆ ಬಳ್ಳಿಯ ನೀಳ ಸಾಲುಗಳು. ನಾನು ಬಂದ ಮೊದಲ ವಾರದಲ್ಲೇ ಯಜಮಾನರು ಅದರ ಮುಂದೆ ನಿಂತು ನನಗೆ ದಾರಿ ತೋರಿಸಿದರು. ದಾರಿ ತೋರಿಸಿದರು ಎಂದೇ ಹೇಳಬೇಕು. ಗಾಜಿನ ಮೇಲೆ ನೀಲಿ ಬೆರಳು ಸರಿಯುತ್ತಾ ಹೋಯಿತು. "ಇಲ್ಲಿ ಎಡಕ್ಕೆ ತಿರುಗಿದ್ರೆ ಬಾವಿ. ಬಾವಿ ದಾಟಿದ್ರೆ ಮಾಳಿಗೆ ಬಾಗ್ಲು. ಮೂರನೇ ಮೆಟ್ಲು ಸವೆದೈತೆ, ಹುಷಾರಾಗಿ ಕಾಲಿಡ್ಬೇಕು. ಬೆಳಿಗ್ಗೆ ಹೊಳೆ ಕಡೆಯಿಂದ ಮಂಜು ಬಂದ್ರೆ ಎದುರಿಗಿರೋರು ಕಾಣಲ್ಲ..."

"ನೀವು ಯಾವಾಗ ಹೋಗಿದ್ರಿ?" ಎಂದು ಕೇಳಿದೆ.

"ನಾನೆಲ್ಲಿ ಹೋಗ್ಲಿ ಟೀಚರಮ್ಮ. ಚಿಕ್‌ಬಳ್ಳಾಪುರ ಬಿಟ್ರೆ ಬೆಂಗ್ಳೂರು, ಅಷ್ಟೆ."

ಮರುದಿನ ಅವರ ಹಿಂದೆ ನಾನೂ ನಮ್ಮ ಮನೆಯ ಮಾಳಿಗೆಯ ಬಾಯಿಗೆ ಹೋದೆ. ಇಳಿಜಾರನ್ನು ಅಗೆದು ಮಾಡಿದ ನೆಲಮಾಳಿಗೆ. ಮೇಲಿನಿಂದ ಹದಿಮೂರು ಮೆಟ್ಟಿಲು ಇಳಿಯಬೇಕು. ಕೆಳಗಿನ ತುದಿಯಲ್ಲಿ, ಕಾಲುದಾರಿಗೆ ಎದುರಾಗಿ, ನೆಲಮಟ್ಟದಲ್ಲೊಂದು ಮರದ ಕದದ ಕಿಂಡಿ. ಮೂರನೇ ಮೆಟ್ಟಿಲು ನಡುವೆ ತಗ್ಗಾಗಿತ್ತು. ತುಳಿದು ತುಳಿದು ಸವೆದಿರಬೇಕು ಎಂದೆ. ಅಲ್ಲವಂತೆ. ತನ್ನೂರಿನದರ ಹಾಗೇ ಇರಲಿ ಎಂದು ದೊರೆ ಕಲ್ಲುಕುಟಿಗನನ್ನು ಕೂರಿಸಿ ಹೊಸ ಕಲ್ಲನ್ನು ಸವೆಸಿದ್ದನಂತೆ. ಯಾರೂ ತುಳಿಯದ ಹೆಜ್ಜೆಗಳ ಗುರುತು ಅದು. ಆ ಮೆಟ್ಟಿಲ ಮೇಲೆ ಕಾಲಿಡಲು ನನಗೆ ಯಾವತ್ತೂ ಮನಸ್ಸಾಗಲಿಲ್ಲ. ದಾಟಿ ಇಳಿಯುತ್ತಿದ್ದೆ.

ಮಾಳಿಗೆಗೆ ಇಳಿಯಲು ಒಂದು ನಿಯಮವಿತ್ತು. ಆ ಮನೆಯಲ್ಲಿ ಅದನ್ನು ಮೀರಿದವರಿಲ್ಲ. ಸುಗ್ಗಿಯ ದಿನಗಳಲ್ಲಿ, ಅಂದರೆ ಶಿವರಾತ್ರಿಯ ಆಚೀಚೆ, ಹಣ್ಣನ್ನು ಮೇಲಿನ ಕಲ್ಲುಬಾನಿಯಲ್ಲಿ ತುಳಿದು ರಸವನ್ನು ಸಿಪ್ಪೆಯ ಸಮೇತ ಕೆಳಗಿನ ತೊಟ್ಟಿಗಳಿಗೆ ಬಿಡುತ್ತಿದ್ದರು. ಎರಡನೆಯ ದಿನಕ್ಕೆ ಅದು ಹುದುಗೆದ್ದು ಕುದಿಯುತ್ತಿತ್ತು, ಬೆಂಕಿಯಿಲ್ಲದೆ. ಸಿಪ್ಪೆಯೆಲ್ಲ ಮೇಲೆದ್ದು ದಪ್ಪ ಮುಚ್ಚಳದ ಹಾಗೆ ಕಟ್ಟಿಕೊಳ್ಳುತ್ತಿತ್ತು. ಅದನ್ನು ದಿನಕ್ಕೆ ಎರಡು ಸಲ ಮುದ್ದೆಕೋಲಿನಂಥ ಉದ್ದ ಕೋಲಿನಿಂದ ಒಳಕ್ಕೆ ಅದುಮಬೇಕು. ಇಲ್ಲದಿದ್ದರೆ ಮೇಲೆ ಒಣಗಿ ಹುಳಿಯೇರಿ ಇಡೀ ತೊಟ್ಟಿ ಕೆಡುತ್ತದೆ. ಅದುಮುವವರು ಇಳಿಯುವ ಮೊದಲು ಕೆಳಗಿನ ಕಿಂಡಿ ತೆರೆದಿಟ್ಟು ಒಂದು ಗಂಟೆ ಕಾಯಬೇಕು. ಆಮೇಲೆ ಯಜಮಾನರು ಕೈಯಲ್ಲಿ ಎಣ್ಣೆದೀಪ ಹಿಡಿದು, ಮೊಣಕಾಲಿಗಿಂತ ಕೆಳಗೆ ತೂಗುಬಿಟ್ಟು, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು. ದೀಪ ಆರದಿದ್ದರೆ ಇಳಿಯಬಹುದು. ಆರಿದರೆ ಹಿಂದಕ್ಕೆ.

ದೀಪ ಆರುವುದನ್ನು ನಾನು ಐದಾರು ಸಲ ಹತ್ತಿರದಿಂದ ನೋಡಿದ್ದೇನೆ. ಗಾಳಿಗೆ ಆರುವ ಹಾಗಲ್ಲ. ಜ್ವಾಲೆ ಅಲುಗುವುದಿಲ್ಲ. ಅದು ಬತ್ತಿಯಿಂದ ಬಿಡಿಸಿಕೊಂಡು ಒಂದು ಬೆರಳಿನಷ್ಟು ಮೇಲೆ ನಿಲ್ಲುತ್ತದೆ. ಬತ್ತಿ ಕೆಳಗೆ, ಬೆಂಕಿ ಮೇಲೆ, ನಡುವೆ ಏನೂ ಇಲ್ಲ. ಒಂದು ಕ್ಷಣ ಹಾಗೆ ನಿಂತು ಇಲ್ಲವಾಗುತ್ತದೆ. ಬತ್ತಿಯ ಹೊಗೆ ಮೇಲೇರುವುದಿಲ್ಲ, ಕೆಳಗೂ ಇಳಿಯುವುದಿಲ್ಲ. ನೀರಿನ ಮೇಲೆ ಬಿದ್ದ ಬಟ್ಟೆಯ ಹಾಗೆ ಒಂದೇ ಮಟ್ಟದಲ್ಲಿ ಹರಡಿಕೊಂಡು ಮಲಗುತ್ತದೆ.

"ದೊರೆ ಕಂಬಳಿ ಹೊದ್ದವ್ರೆ" ಎನ್ನುತ್ತಿದ್ದರು ಯಜಮಾನರು; ಸತ್ತ ದೊರೆ ಮಾಳಿಗೆಯ ತಳದಲ್ಲಿ ಮಲಗಿದ್ದಾನೆ, ದೀಪ ಆರಿಸುವವನು ಅವನೇ ಎಂಬುದು ಆ ಮನೆಯ ಮಾತು. "ಇವತ್ತು ಸೊಂಟದವರ್ಗೂ ಎಳ್ಕೊಂಡವ್ರೆ. ಬಿಡಿ, ಮಲಗ್ಲಿ."

ಇಳಿಯುವ ಮೊದಲು ಅವರು ಮೆಟ್ಟಿಲ ಬಾಯಲ್ಲಿ ನಿಂತು ಮೆಲ್ಲನೆ ಮೂರು ನಾಲ್ಕು ಮಾತು ಹೇಳುತ್ತಿದ್ದರು. ಕನ್ನಡವಲ್ಲ, ತೆಲುಗಲ್ಲ, ಇಂಗ್ಲಿಷೂ ಅಲ್ಲ. ಅರ್ಥ ಕೇಳಿದರೆ, "ನಂಗೊತ್ತಿಲ್ಲ. ಅವರೂರಲ್ಲಿ ಇಳಿಯೋಕ್ ಮುಂಚೆ ಹೇಳ್ತಾರೆ" ಎಂದರು.

ತಮ್ಮನಿಗೆ ಮಾಳಿಗೆ ಎಂದರೆ ಭಯ. ನಗುತ್ತಾ ತಮಾಷೆ ಮಾಡುತ್ತಾ ಇರುವ, ಮೂಟೆಯನ್ನು ಒಂದೇ ಕೈಯಲ್ಲಿ ಎತ್ತುವ ಆಳು ಆತ. ಆದರೆ ಅಣ್ಣ ಮುಂದೆ ಇಳಿಯದಿದ್ದರೆ ಅವನು ಮೂರನೆಯ ಮೆಟ್ಟಿಲಿನಿಂದ ಆಚೆಗೆ ಹೋದವನಲ್ಲ. ಚಿಕ್ಕಂದಿನಲ್ಲಿ ದೊರೆ ದೀಪ ಊದುವುದನ್ನು ಕಂಡು ಎರಡು ದಿನ ಜ್ವರ ಬಂದಿತ್ತಂತೆ. ಹೆಂಡತಿ ಅವನನ್ನು ಅದಕ್ಕೇ ಹಂಗಿಸುತ್ತಿದ್ದಳು: "ನಮ್ಮನೆ ಗಂಡಸು ಹುಲಿಗೂ ಹೆದರಲ್ಲ ಟೀಚರಮ್ಮ, ಸತ್ತೋದ ಬಿಳಿಯನ್ಗೆ ಹೆದರ್ತಾನೆ."

ಇಲ್ಲಿಂದ ಮುಂದಿನದನ್ನು ನಾನು ನಿಧಾನವಾಗಿ ಬರೆಯಬೇಕು.

ಅದು ನಾನು ಅಲ್ಲಿದ್ದ ಎರಡನೆಯ ಸುಗ್ಗಿ. ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ತಮ್ಮ, ಅವನ ಹೆಂಡತಿ, ನಾನು ಕುಳಿತಿದ್ದೆವು. ಯಜಮಾನರು ತೋಟದಲ್ಲಿದ್ದರು. ದೊರೆಯ ಮಾತು ಬಂತು. ನನಗೆ ಆ ಭಯವನ್ನು ಕಂಡು ಕನಿಕರವಿತ್ತು. ಸ್ವಲ್ಪ ಜಂಭವೂ ಇತ್ತು, ಈಗ ಮುಚ್ಚಿಡುವುದಿಲ್ಲ. ತಿಳಿಸುಣ್ಣದ ನೀರು ತಂದೆ. ಒಂದು ಲೋಟದಲ್ಲಿ ಅಡಿಗೆ ಸೋಡಾದ ಮೇಲೆ ನಿಂಬೆರಸ ಹಿಂಡಿ, ಎದ್ದ ಗುಳ್ಳೆಯ ಮೇಲೆ ಉರಿಯುವ ಕಡ್ಡಿ ಹಿಡಿದೆ. ಕಡ್ಡಿ ಆರಿತು. ಸುಣ್ಣದ ನೀರಿಗೆ ಊದಿ ಅದನ್ನು ಹಾಲಿನ ಹಾಗೆ ಬೆಳ್ಳಗೆ ಮಾಡಿ ತೋರಿಸಿದೆ. ತೊಟ್ಟಿಯಲ್ಲಿ ರಸ ಹುದುಗೆದ್ದಾಗ ಬರುವುದೂ ಇದೇ ಅನಿಲ, ಭಾರವಾದದ್ದು, ತಗ್ಗಿನಲ್ಲಿ ನೀರಿನ ಹಾಗೆ ನಿಲ್ಲುತ್ತದೆ, ಉರಿಯಲು ಬೇಕಾದ ಗಾಳಿ ಅದರಲ್ಲಿ ಇಲ್ಲ, ಅದಕ್ಕೇ ದೀಪ ಆರುತ್ತದೆ, ದೊರೆಯೂ ಇಲ್ಲ ಗಿರೆಯೂ ಇಲ್ಲ ಎಂದೆ.

ತಮ್ಮ ಆ ಲೋಟವನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದ. ಆಮೇಲೆ ತೊಡೆ ತಟ್ಟಿಕೊಂಡು ನಕ್ಕ. "ಅಯ್ಯೋ ದೇವುಡಾ, ಇಷ್ಟೇನಾ! ನಿಂಬೆಹಣ್ಣು ಸೋಡಕ್ಕೆ ಹೆದ್ರಿಸಿ ಇಟ್ಟವ್ನಲ್ಲ ನಮ್ಮಣ್ಣ, ಇಷ್ಟ್ ವರ್ಷ!"

ಹೆಂಡತಿಯೂ ನಕ್ಕಳು. ನಾನೂ ನಕ್ಕೆ.

ಆಗ ಅವನು ಕೇಳಿದ: "ಹಂಗಾದ್ರೆ ಟೀಚರಮ್ಮ, ಬ್ಯಾಟ್ರಿ ದೀಪ? ಅದೂ ಆರ್ತದಾ?"

"ಇಲ್ಲ. ಅದರಲ್ಲಿ ಬೆಂಕಿ ಇಲ್ವಲ್ಲ. ಅದಕ್ಕೆ ಗಾಳಿ ಬೇಕಾಗಿಲ್ಲ. ಅದು ಆರಲ್ಲ."

ಉತ್ತರ ಸರಿಯಾಗಿತ್ತು. ಮಕ್ಕಳು ಬರೆದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಅದರ ಮುಂದಿನ ಮಾತು ನನ್ನ ಬಾಯಲ್ಲೇ ಇತ್ತು, ದೀಪಕ್ಕೆ ಬೇಕಾದ ಗಾಳಿಯೇ ನಮಗೂ ಬೇಕು ಎನ್ನುವುದು. ಅಷ್ಟರಲ್ಲಿ ಮಗು ಎದ್ದು ಅತ್ತಿತು. ಅದರ ತಾಯಿ ಒಳಗೆ ಹೋದಳು. ನಾನು ಲೋಟ ತೊಳೆಯಲು ಎದ್ದೆ...

ನಾಲ್ಕು ದಿನದ ಮೇಲೆ, ಗುರುವಾರ, ಯಜಮಾನರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೊರಟರು. ಪಾದ್ರಿಗಳು ಕರೆಸಿದ್ದರು. ತಾನು ಸಂಜೆ ಬಂದು ಅದುಮುವುದಾಗಿ, ಅಲ್ಲಿಯವರೆಗೆ ಯಾರೂ ಮಾಳಿಗೆಗೆ ಹೋಗಬಾರದೆಂದು ಹೇಳಿದ್ದರು. ಆ ವಾರ ಸೆಕೆ ವಿಪರೀತ. ಮೇಲೆ ನಿಂತರೂ ತೊಟ್ಟಿಗಳ ಗುಜುಗುಜು ಕೇಳುತ್ತಿತ್ತು. ನಾನು ಶಾಲೆಗೆ ಹೊರಟಾಗ ತಮ್ಮ ಬಾಗಿಲಿಗೆ ಬಂದ.

"ಟೀಚರಮ್ಮ, ನಿಮ್ ಬ್ಯಾಟ್ರಿ ಒಸಿ ಕೊಡ್ತೀರಾ? ಸಂಜೆ ಕೊಡ್ತೀನಿ."

ಕೆಲಸಕ್ಕೆ ಸೇರಿದಾಗ ತಂದೆ ಕೊಡಿಸಿದ ಮೂರು ಸೆಲ್ಲಿನ ಬ್ಯಾಟರಿ ಅದು. ಯಾಕೆ ಎಂದು ನಾನು ಕೇಳಲಿಲ್ಲ. ಕಿಟಕಿಯ ಮೇಲಿಂದ ತೆಗೆದು ಅವನ ಕೈಗೆ ಕೊಟ್ಟೆ.

ನಾನು ಹಿಂದಿರುಗುವಾಗ ಐದು ಗಂಟೆ. ನಾಲ್ಕೂವರೆ ಎಂದು ಬಹಳ ವರ್ಷ ಅಂದುಕೊಂಡಿದ್ದೆ, ಅದು ತಪ್ಪು. ಬೆಂಗಳೂರಿನ ರೈಲು ಆಗಷ್ಟೇ ಬಂದಿತ್ತು, ಕಾಲುದಾರಿಯ ಬುಡದಲ್ಲಿ ಯಜಮಾನರು ಸಿಕ್ಕಿದರು. ಕೈಯಲ್ಲಿ ಮಗುವಿಗೆಂದು ತಂದ ಬಣ್ಣದ ಗಿರಿಗಿಟ್ಲೆ. ಒಟ್ಟಿಗೆ ಏರುತ್ತಿದ್ದೆವು. ಬಿಸಿಲು ಬೆಟ್ಟದ ಹಿಂದೆ ಸರಿದು ಇಳಿಜಾರಿಗೆ ನೆರಳು ಬಿದ್ದಿತ್ತು. ಅವರು ಮಾತು ನಿಲ್ಲಿಸಿ ನಿಂತರು.

ಮಾಳಿಗೆಯ ಕಿಂಡಿ ತೆರೆದಿತ್ತು. ಒಳಗೆ ಬೆಳಕಿತ್ತು.

"ಅದ್ ಅಲುಗ್ತಿಲ್ಲ" ಎಂದರು.

ನಿಜ. ನಾನು ಆ ಕಿಂಡಿಯಲ್ಲಿ ಎಷ್ಟೋ ಸಲ ದೀಪದ ಬೆಳಕು ಕಂಡಿದ್ದೆ. ಅದು ಸದಾ ನಡುಗುತ್ತಿತ್ತು. ಇದು ಗೋಡೆಯ ಮೇಲೆ ಬರೆದ ಹಾಗೆ ಅಲುಗಾಡದೆ ನಿಂತಿತ್ತು. ಗಿರಿಗಿಟ್ಲೆಯನ್ನು ಅವರು ನೆಲದ ಮೇಲೆ ಇಟ್ಟರು. ಎಸೆಯಲಿಲ್ಲ, ಬಗ್ಗಿ ಇಟ್ಟರು. ಆಮೇಲೆ ಓಡಿದರು.

ತಮ್ಮನ ಹೆಂಡತಿ ಬಾವಿಕಟ್ಟೆಯಲ್ಲಿ ಹಣ್ಣಿನ ಬುಟ್ಟಿ ತೊಳೆಯುತ್ತಿದ್ದಳು. "ಗೋಣಿಚೀಲ ತರ್ತೀನಿ ಅಂತ ಹೋದ್ರು, ಊಟಕ್ಕೂ ಬರ್ಲಿಲ್ಲ" ಎಂದಳು. ಯಜಮಾನರು ಒಳಗಿಂದ ಹಚ್ಚಿದ ದೀಪ ತಂದರು. ಮೆಟ್ಟಿಲ ಬಾಯಲ್ಲಿ ಆ ದಿನವೂ ಅವರು ಆ ಮಾತುಗಳನ್ನು ಹೇಳಿದರು. ಧ್ವನಿ ಮಾತ್ರ ಇರಲಿಲ್ಲ, ತುಟಿ ಆಡಿತು. ನಾನು ಅವರ ಹಿಂದೆ ಎರಡನೆಯ ಮೆಟ್ಟಿಲ ಮೇಲಿದ್ದೆ. ಏಳನೆಯ ಮೆಟ್ಟಿಲಲ್ಲಿ ಜ್ವಾಲೆ ಬತ್ತಿಯಿಂದ ಬಿಡಿಸಿಕೊಂಡು ನಿಂತಿತು, ಆರಿತು. ಹೊಗೆ ಹರಡಿ ಮಲಗಿತು.

ಆ ಹೊಗೆಯ ಹಾಳೆಯ ಕೆಳಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನ ಬ್ಯಾಟರಿ ತೊಟ್ಟಿಯ ಅಂಚಿನ ಮೇಲೆ ಇಟ್ಟಲ್ಲೇ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ತಮ್ಮ, ಅದುಮುವ ಕೋಲನ್ನು ತಬ್ಬಿಕೊಂಡು, ಪಕ್ಕಕ್ಕೆ ಮಲಗಿದ್ದ, ತಿಳಿನೀರಿನ ಬಾವಿಯ ತಳದಲ್ಲಿ ಮಲಗಿದವನ ಹಾಗೆ. ಮುಖದಲ್ಲಿ ಹೆದರಿಕೆ ಇರಲಿಲ್ಲ. ತೊಟ್ಟಿಗಳು ಅವನ ಸುತ್ತ ಒಂದೇ ಸಮನೆ ಪಿಸುಗುಟ್ಟುತ್ತಿದ್ದವು.

ಯಜಮಾನರು ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಉಸಿರು ಕಟ್ಟಿ ಇಳಿದರು. ಮೊದಲ ಸಲ ಅವನ ಕೈ ಮುಟ್ಟುವಷ್ಟರಲ್ಲಿ ಉಸಿರು ಮುಗಿದು ಹತ್ತಿ ಬಂದರು. ಪಕ್ಕದ ತೋಟದವರು ಓಡಿ ಬಂದು ಹೊಂಗೆಯ ಕೊಂಬೆಗಳಿಂದ ಒಳಗಿನ ಗಾಳಿಯನ್ನು ಕಿಂಡಿಯ ಕಡೆಗೆ ಬೀಸತೊಡಗಿದರು. ಎರಡನೆಯ ಸಲ ಯಜಮಾನರು ಹಗ್ಗವನ್ನು ತಮ್ಮನ ತೋಳಡಿಯಲ್ಲಿ ಹಾಕಿ ಬಂದರು. ನಾವೆಲ್ಲ ಸೇರಿ ಎಳೆದೆವು. ಮೈ ತಣ್ಣಗಾಗಿತ್ತು. ಮಧ್ಯಾಹ್ನವೇ ಹೋಗಿದ್ದ.

ಬ್ಯಾಟರಿಯನ್ನು ತರಲು ಯಾರೂ ಇಳಿಯಲಿಲ್ಲ. ಅದು ಒಳಗೆ ತನ್ನಷ್ಟಕ್ಕೆ ಹಳದಿಯಾಗುತ್ತಾ, ಕೆಂಪಾಗುತ್ತಾ ಹೋಯಿತು...

ಅಣ್ಣ ಆ ದಿನ ಹೇಳಿದ ಮಾತನ್ನು ಅವನು ಮೀರಿದ್ದ, ಮಾಳಿಗೆಯ ನಿಯಮವನ್ನು ಮೀರಿರಲಿಲ್ಲ. ಈಗಲೂ ನನ್ನನ್ನು ಕಾಡುವುದು ಇದೇ. ದೀಪ ಆರದಿದ್ದರೆ ಇಳಿಯಬಹುದು ಎನ್ನುವುದು ಆ ಮನೆಯ ನಿಯಮ. ಅವನು ದೀಪವನ್ನು ಮೊಣಕಾಲ ಕೆಳಗೆ ತೂಗುಬಿಟ್ಟು ಒಂದೊಂದೇ ಮೆಟ್ಟಿಲು ಇಳಿದಿರಬೇಕು. ದೀಪ ಆರಲಿಲ್ಲ. ಆರುವುದಿಲ್ಲವೆಂದು ನಾನೇ ಹೇಳಿದ್ದೆ. ಅಣ್ಣ ಬರುವುದರೊಳಗೆ ತೊಟ್ಟಿ ಕೆಡದಂತೆ ನೋಡಿಕೊಂಡು, ತನ್ನ ಭಯ ಹೋಯಿತೆಂದು ತೋರಿಸಬೇಕೆಂದಿದ್ದಿರಬೇಕು.

ಮರುದಿನ ಬೆಳಿಗ್ಗೆ ಚಿಕ್ಕಬಳ್ಳಾಪುರದಿಂದ ಪೊಲೀಸ್ ದಫೇದಾರರು ಬಂದು ಜಗಲಿಯ ಮೇಲೆ ಕುಳಿತರು. ಒಳ್ಳೆಯ ಮನುಷ್ಯ. ಮಾಳಿಗೆಯನ್ನು ಮೇಲಿನಿಂದಲೇ ನೋಡಿ ಬೆವರೊರೆಸಿಕೊಂಡರು. ಹೇಳಿಕೆ ಬರೆದುಕೊಳ್ಳುವಾಗ ಕೇಳಿದರು: "ದೀಪ ತಗೊಂಡೇ ಇಳೀಬೇಕು ಅಂತ ಅವರಿಗೆ ಗೊತ್ತಿತ್ತಲ್ಲ. ಬ್ಯಾಟರಿ ಯಾಕೆ ತಗೊಂಡ್ರು? ಯಾರಾದ್ರೂ ಏನಾದ್ರೂ ಹೇಳಿದ್ರಾ?"

ನಾನು ಕಂಬದ ಪಕ್ಕ ನಿಂತಿದ್ದೆ. ಬಾಯಿ ತೆರೆದೆ. ಅಷ್ಟು ನನಗೆ ಖಂಡಿತವಾಗಿ ನೆನಪಿದೆ. ಅಷ್ಟರಲ್ಲಿ ಯಜಮಾನರು ಹೇಳಿದರು:

"ಇಲ್ಲ ಸ್ವಾಮಿ. ಯಾರೂ ಏನೂ ಹೇಳಿರ್ಲಿಲ್ಲ. ಅವನ ಅವಸರ."

"ಬ್ಯಾಟರಿ ಯಾರದ್ದು?"

"ಮನೇದು."

ತಮ್ಮನ ಹೆಂಡತಿ ಒಳಬಾಗಿಲ ಹಿಂದೆ ಕುಳಿತಿದ್ದಳು. ಆ ಭಾನುವಾರ ಅವಳೂ ಅಲ್ಲಿದ್ದವಳು; ರಾತ್ರಿಯೇ ಭಾವನಿಗೆ ಎಲ್ಲ ಹೇಳಿದ್ದಿರಬೇಕು. ಅವಳ ಅಳು ಒಂದು ಕ್ಷಣ ನಿಂತಿತು. ಮತ್ತೆ ಶುರುವಾಯಿತು. ನಾನು ತೆರೆದ ಬಾಯಿ ಮುಚ್ಚಿದೆ. ದಫೇದಾರರು ಬರೆದುಕೊಂಡು ಹೋದರು.

ಆ ರಸವನ್ನು ಯಜಮಾನರು ಚರ್ಚಿಗೆ ಕಳಿಸಲಿಲ್ಲ. ತೊಟ್ಟಿಯ ತಳದ ಬಿರಡೆ ಕಿತ್ತು ಇಳಿಜಾರಿಗೆ ಬಿಟ್ಟರು. ಫ್ರೆಂಚ್ ಬಳ್ಳಿಯ ಸಾಲಿನ ಬುಡದಲ್ಲಿ ಮಣ್ಣು ಕಪ್ಪಗೆ ನೆನೆಯಿತು. ಹನ್ನೊಂದನೆಯ ದಿನ ಕಳೆದ ಮೇಲೆ, ನನ್ನ ಕಿಟಕಿಯ ಮೇಲೆ ನನ್ನ ಬ್ಯಾಟರಿ ಇತ್ತು. ಒರೆಸಿ ಶುಚಿ ಮಾಡಿತ್ತು. ತಿರುಪು ಬಿಚ್ಚಿ ನೋಡಿದೆ, ಸೆಲ್ಲುಗಳನ್ನು ತೆಗೆದಿದ್ದರು.

ಒಂದೇ ಒಂದು ಸಲ ಅವರು ಆ ವಿಷಯ ಎತ್ತಿದರು. ಬಳ್ಳಿ ಸವರುತ್ತಿದ್ದರು. ನಾನು ಶಾಲೆಗೆ ಹೊರಟಿದ್ದೆ. ನನ್ನ ಕಡೆ ತಿರುಗದೆ ಹೇಳಿದರು:

"ಅದೇನು ಅಂತ ನಂಗೂ ಗೊತ್ತಿತ್ತು ಟೀಚರಮ್ಮ. ದೊರೇನೇ ಹೇಳಿದ್ರು. ಅನಿಲ ಅಂತ್ಲೇ. ಅವರೂರಲ್ಲಿ ಒಂದ್ ಕಾಲದಲ್ಲಿ ದೊಡ್ಡೋರು ಬಾಯ್ಬಿಟ್ಟು ಹೇಳಿ ಹೇಳಿ ಸಾಕಾಗಿ, ಯಾರೂ ಕೇಳ್ದೆ ವರ್ಷಕ್ಕೊಬ್ರು ಸಾಯ್ತಿದ್ರಂತೆ. ಆಮೇಲೆ ಕೆಳಗೆ ತಾತ ಮಲಗವ್ನೆ, ಎಬ್ಬಿಸ್ಬೇಡಿ ಅಂತ ಹೇಳೋಕೆ ಶುರು ಮಾಡಿದ್ರಂತೆ. ಆಮೇಲೆ ಯಾರೂ ಸಾಯ್ಲಿಲ್ವಂತೆ." ಕತ್ತರಿ ಎರಡು ಸಲ ಆಡಿತು. "ಬಳ್ಳಿ ಜತೆ ಅದನ್ನೂ ತಂದ್ರು ಅವರು. ಬಳ್ಳಿ ಒಂದ್ ಸಾಲು ಉಳೀತು."

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ನಾನು ಹೇಳಿದೆ, ನಾನೇ ಕೊಟ್ಟೆ ಎಂದು ಕಾಲಿಗೆ ಬಿದ್ದುಬಿಡಬಹುದಿತ್ತು. ಅವರು ಮಾತಾಡುವಷ್ಟು ಹೊತ್ತು ಪುಸ್ತಕಗಳನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದೆ. ಆಮೇಲೆ "ಬೆಲ್ ಹೊಡೀತದೆ, ಬರ್ತೀನಿ" ಎಂದು ಹೊರಟೆ.

ಎರಡು ತಿಂಗಳಲ್ಲಿ ಗೌರಿಬಿದನೂರಿಗೆ ವರ್ಗ ಕೇಳಿ ಪಡೆದೆ. ಯಜಮಾನರು ನನ್ನ ಟ್ರಂಕನ್ನು ತಾವೇ ಹೊತ್ತು ರೈಲಿನವರೆಗೆ ಬಂದರು. ಆಮೇಲೆ ನಾನು ಆ ದಾರಿಯಲ್ಲಿ ಇಳಿಯಲಿಲ್ಲ. ರೈಲಿನಲ್ಲಿ ಹೋಗಬೇಕಾಗಿ ಬಂದಾಗ ಬೆಟ್ಟದ ಕಡೆಯ ಕಿಟಕಿಯಲ್ಲಿ ಕೂರುತ್ತಿರಲಿಲ್ಲ. ಅವರು ತೀರಿಕೊಂಡ ಸುದ್ದಿ ಹದಿನೈದು ವರ್ಷದ ಮೇಲೆ, ಅದೂ ಯಾರದೋ ಮದುವೆಯ ಪಂಕ್ತಿಯಲ್ಲಿ, ಪಕ್ಕದವರ ಮಾತಿನಲ್ಲಿ ಕಿವಿಗೆ ಬಿತ್ತು. ಕೈ ತೊಳೆದುಕೊಂಡು ಎದ್ದೆ.

ಡಬ್ಬಿಯ ಮುಚ್ಚಳ ಹಾರಿದ ದಿನದಿಂದ ವಿಚಾರಿಸತೊಡಗಿದೆ. ತೋಟ ಕೈಬದಲಾಗಿ, ಕೊನೆಗೆ ಅಲ್ಲಿ ಗುಲಾಬಿ ಬೆಳೆಸುವ ಪ್ಲಾಸ್ಟಿಕ್ ಮನೆಗಳೆದ್ದಿವೆಯಂತೆ. ಮಾಳಿಗೆಗೆ ಮಣ್ಣು ತುಂಬಿದ್ದಾರಂತೆ. ಆ ದಿನ ಇನ್ನೂ ಮಗುವಾಗಿದ್ದ ತಮ್ಮನ ಮಗಳು ಶಿಡ್ಲಘಟ್ಟದ ಹತ್ತಿರ ಮೇಲೂರಿನಲ್ಲಿದ್ದಾಳೆ ಎಂದು ಗೊತ್ತಾಯಿತು. ಹೋದ ಬುಧವಾರ ಆಟೋ ಮಾಡಿಕೊಂಡು ಹೋದೆ.

ಮನೆಯಲ್ಲಿ ರೇಷ್ಮೆಹುಳು ಸಾಕಿದ್ದರು. ಒಳಗೆಲ್ಲ ಹುಳುಗಳು ಸೊಪ್ಪು ಮೇಯುವ ಸದ್ದು, ಮಳೆ ಹನಿದ ಹಾಗೆ. ಅರವತ್ತು ದಾಟಿದ ಹೆಂಗಸು, ಸೆರಗಿಗೆ ಕೈ ಒರೆಸಿಕೊಂಡು ಬಂದಳು. ನಾನು ಹೆಸರು ಹೇಳಲಿಲ್ಲ. "ನಂದಿಯ ಸ್ಕೂಲಲ್ಲಿ ಪಾಠ ಮಾಡ್ತಿದ್ದೆ, ನಿಮ್ಮ ಮನೇಲಿ ಬಾಡಿಗೆಗಿದ್ದೆ" ಎಂದೆ. ಅವಳು ನಿಂತೇ ನನ್ನನ್ನು ನೋಡಿದಳು. ಮಣೆ ತಂದು ಹಾಕಿದಳು. ತಾನು ಎದುರಿಗೆ ನೆಲದ ಮೇಲೆ ಕುಳಿತಳು. ನೀರು ಬೇಕೇ ಎಂದೂ ಕೇಳಲಿಲ್ಲ.

"ನಿಮ್ಮಪ್ಪನ ವಿಷಯ ಒಂದು ಮಾತು ಹೇಳೋದಿತ್ತು" ಎಂದೆ.

"ಗೊತ್ತು ಟೀಚರಮ್ಮ" ಎಂದಳು. "ನಾನು ಮದ್ವೆಯಾಗಿ ಬರೋವಾಗ ದೊಡ್ಡಪ್ಪ ಎಲ್ಲಾ ಹೇಳಿದ್ರು. ಆ ಹುಡುಗಿ ಬಂದು ಹೇಳ್ತಾಳೆ, ಅಲ್ಲೀಗಂಟ ನಾವಾಗೇ ಹೋಗಿ ಕೇಳ್ಬಾರ್ದು, ಅವಳಾಗೇ ಬರ್ಲಿ ಅಂತ. ಸುಗ್ಗೀಲಿ ರೈಲು ಬಂದಾಗ ಹೋಗಿ ದಾರೀಲಿ ನಿಂತ್ಕೊಳ್ಳೋರು. ನಮ್ಮಮ್ಮ ಹತ್ತಿರ ಹತ್ತಿರ ತೊಂಬತ್ತು ವರ್ಷ ಇದ್ಲು... ಹೋದ ಕಾರ್ತೀಕದಲ್ಲಿ ಹೋದ್ಲು. ಅವಳೂ ಕೇಳೋಳು, ಟೀಚರಮ್ಮ ಬಂದ್ರಾ ಅಂತ."

ಹುಳುಗಳು ಮೇಯುತ್ತಲೇ ಇದ್ದವು. ಹೋದ ಕಾರ್ತೀಕ ಎಂದರೆ ಮೂರೂವರೆ ತಿಂಗಳು. ನಾನು ಈಗಿರುವ ಚಿಂತಾಮಣಿಯಿಂದ ಮೇಲೂರಿಗೆ ಆಟೋದಲ್ಲಿ ಒಂದು ಗಂಟೆಯ ದಾರಿ.

ಅವಳು ಮೊಣಕಾಲ ಮೇಲೆ ಕೈ ಕಟ್ಟಿ ಕುಳಿತಳು. "ಹೇಳಿ" ಎಂದಳು. "ನಾನೊಬ್ಳೇ ಇರೋದು ಈಗ. ನಿಧಾನಕ್ಕೆ ಹೇಳಿ."